ಓಟದ ಮಧ್ಯೆ ಕೂಗಿದ್ದು

ಯಿಶುನ್, ಸಿಂಗಪುರ,
ಬುಧವಾರ

ಅಪ್ಪನಿಗೆ ಮೈಥಿಲಿಯ ನಮಸ್ಕಾರಗಳು.

ಫೋನಿನಲ್ಲಿ ಹೇಳಿದರೆ ಅಮ್ಮ ಗಾಬರಿ ಬೀಳುತ್ತಾಳೆ, ಅದಕ್ಕೇ ನಿಮಗೆ ಮೇಲ್ ಬರೆಯುತ್ತಿದ್ದೇನೆ. ನನಗೆ ಸರಿಯಾಗಿ ನಿದ್ದೆಯೇ ಬರುತ್ತಿಲ್ಲ.

ಸ್ಕೂಲ್ ಟೀಮಿನ ಆಯ್ಕೆಯ ಓಟದಲ್ಲಿ ನಿಮ್ಮ ಮೊಮ್ಮಗಳು ಎಲ್ಲರಿಗಿಂತ ಮುಂದಿದ್ದಳು. ಆ ವೇಗ ನೋಡಿ ನನ್ನ ಬಾಯಿಂದ, "ವಿಭಾ, ನಿಧಾನ! ಬೀಳ್ತೀಯಾ!" ಎಂದು ಬಂದುಬಿಟ್ಟಿತು. ಅವಳು ನಿಜವಾಗಿಯೂ ನಿಧಾನ ಮಾಡಿದಳು. ನಾಲ್ಕನೆಯವಳಾದಳು. ಟೀಮಿಗೆ ತೆಗೆದುಕೊಳ್ಳುವುದು ಮೂವರನ್ನೇ.

ಏನು ಕೂಗಿದಿರಿ ಎಂದು ಕೋಚ್ ಕೇಳಿದರು. ಅರ್ಥ ಹೇಳಿದೆ. "ಮಮ್ಮೀ, ದಿಸ್ ಈಸ್ ಎ ರೇಸ್ ಲಾ!" ಎಂದು ನಕ್ಕು, ಶನಿವಾರ ಅವಳನ್ನು ಇನ್ನೊಮ್ಮೆ ಓಡಿಸಿ ನೋಡುತ್ತೇನೆ ಎಂದರು.

ನಿಮ್ಮ ಅಳಿಯ, "ಹೇಳಿದ ಮಾತು ಕೇಳೋ ಮಗು ಇದೆ, ಖುಷಿಪಡು" ಎನ್ನುತ್ತಾರೆ. ಖುಷಿಪಡಬೇಕೋ ಅಳಬೇಕೋ ನನಗೆ ತಿಳಿಯುತ್ತಿಲ್ಲ. ಮೊದಲು ಕ್ಲಾಸಿನಲ್ಲಿ ಯಾರ ಜೊತೆಗೂ ಬಾಯಿ ಬಿಡದವಳು ಅವಳು. ಓಡಲು ಶುರು ಮಾಡಿದ ಮೇಲೆಯೇ ಗೆಳತಿಯರಾಗಿದ್ದು. ಟೀಮ್ ತಪ್ಪಿದರೆ ಮತ್ತೆ ಒಬ್ಬಳೇ ಆಗುತ್ತಾಳೆ. ಓಡುವಾಗ ಬಿದ್ದರೆ ಎಂಬ ಭಯವೂ ಹೋಗುತ್ತಿಲ್ಲ.

ಶನಿವಾರ ನಾನು ಬರುವುದೇ ಇಲ್ಲ ಎಂದೆ. "ಬಾ ಅಮ್ಮ, ಆದ್ರೆ ಮಾತಾಡ್ಬೇಡ ಲಾ" ಎಂದಳು. ಮಾತಿನ ಕೊನೆಗೆ ಇಲ್ಲಿಯವರು ಸೇರಿಸುವ 'ಲಾ' ಇವಳಿಗೂ ಅಂಟಿಕೊಂಡಿದೆ.

ನನ್ನ ಓಟಗಳಿಗೆಲ್ಲ ನೀವು ಬಂದು ಮೈದಾನದ ಅಂಚಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದಿರಿ. ಬೇರೆ ಅಪ್ಪಂದಿರು ಕೂಗುವಾಗ, ನಿಮಗೆ ನಾನು ಗೆದ್ದರೂ ಒಂದೇ ಸೋತರೂ ಒಂದೇ ಎಂದುಕೊಳ್ಳುತ್ತಿದ್ದೆ.

ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಹೇಗೆ ನಿಂತಿರುತ್ತಿದ್ದಿರಿ ಅಪ್ಪಾ? ಶುಕ್ರವಾರದೊಳಗೆ ತಿಳಿಸಿ.

ನಿಮ್ಮ ಮಗಳು,
ಮೈಥಿಲಿ