ಒಂದೇ ಬಳ್ಳಿ, ಎರಡು ಬಣ್ಣ

ಅಕ್ಕಾ,
ಇಂಡಿ ಊರಿನ ಈ ದ್ರಾಕ್ಷಿ ತೋಟಕ್ಕೆ ವೈನ್ ಕೆಲಸ ಕಲಿಯಲು ಬಂದವನು ಬೆರಗಾಗಿ ನಿಂತಿದ್ದೇನೆ. ಮಾಲೀಕ ಮಾಳಿಂಗಣ್ಣ ಎರಡು ಗ್ಲಾಸಿಗೆ ವೈನ್ ತುಂಬಿಸಿಟ್ಟರು. ಒಂದು ಕುಂಕುಮ ಕದಡಿದ ನೀರಿನಂತೆ ತೆಳು, ಇನ್ನೊಂದು ನೇರಳೆಹಣ್ಣಿನಷ್ಟು ಕಪ್ಪು. "ಎರಡೂ ಒಂದ ಬಳ್ಳೀವು ನೋಡಪಾ. ಅದು ಸುಗ್ಗ್ಯಾಗ ಮಳಿ ಹೊಡದ ವರ್ಷದ್ದು, ಹಣ್ಣು ನೀರು ಕುಡದು ಉಬ್ಬಿದ್ವು. ಇದು ಮಳಿ ಇಲ್ಲದ, ರಾತ್ರಿ ಥಂಡಿ ಬಿದ್ದ ವರ್ಷದ್ದು, ಹಣ್ಣು ಸಣ್ಣವು, ರಸ ಗಟ್ಟಿ" ಎಂದರು. ಒಂದು ವರ್ಷದ ಬಿಸಿಲು, ಚಳಿ ಎಲ್ಲ ಬಾಟಲಿಯೊಳಗೆ ಕೂತಿದೆಯಲ್ಲ!

ಕೊಲ್ಹಾರದ ನಮ್ಮ ಮೊದಲ ವೈನ್ ದ್ರಾಕ್ಷಿಗೆ, ಹಣ್ಣು ದಪ್ಪವಾಗಲೆಂದು ನೀನು ದಿನಾ ನೀರು ಬಿಡುವುದನ್ನು ನಾನು ಅವರಿಗೆ ಹೇಳಿದೆ. "ಮುಗಲು ಸುಮ್ಮನಿದ್ರೂ ನಿಮ್ಮಕ್ಕ ಮಳಿ ಸುರಸಾಕತ್ತಾಳಲ್ಲೋ!" ಎಂದು ಹಣೆ ಹೊಡೆದುಕೊಂಡರು.

ನನ್ನ ಕೆಮ್ಮು ಇಳಿದಿದೆ. ಫೋನಿನಲ್ಲಿ ನೀನು ಮಾತು ಮುಗಿಸಗೊಡುವುದಿಲ್ಲ, ಅದಕ್ಕೇ ಈ ಕಾರ್ಡು. ಊರವರು ನಕ್ಕರೂ ಹಣ್ಣು ಸಣ್ಣದೇ ಇರಲಿ, ನೀರು ನಿಲ್ಲಿಸು.

ತಮ್ಮ ಪರಶು