ಇನ್ನು ವಾರ್ತೆ ದೀಪ್ತಿ ಓದಲಿ

ಪ್ರೀತಿಯ ಮೋನಪ್ಪಣ್ಣ,

ಪಂಚಾಯತ್ ಚುನಾವಣೆ ಗೆದ್ದ ಮೇಲೂ ನಿಮ್ಮ ಚಾನೆಲ್‌ನಲ್ಲಿ ಸಂಜೆಯ ವಾರ್ತೆ ಓದುತ್ತಲೇ ಬಂದೆ. ನೀವೂ ಬೇಡ ಅನ್ನಲಿಲ್ಲ. ನಿನ್ನೆ ಬೆಳ್ಳಾರೆ ಬಸ್ಸಿನಲ್ಲಿ ನಮ್ಮ ವಾರ್ಡಿನ ಕದೀಜಮ್ಮ ಪಕ್ಕದಲ್ಲಿ ಕೂತು, ನನ್ನ ಕೈ ಹಿಡಿದು ಕೇಳಿದರು: “ನಳ್ಳಿಯಲ್ಲಿ ನೀರೇ ಬರುದಿಲ್ಲ ಮಗಾ. ಮೆಂಬರೂ ನೀನೇ, ನ್ಯೂಸಿನವಳೂ ನೀನೇ. ನಿನ್ನ ಮೇಲಿನ ದೂರು ನಾನು ಯಾರತ್ರ ಹೇಳುದು?”



ಅಣ್ಣಾ, ಇವತ್ತಿನಿಂದ ವಾರ್ತೆ ನಮ್ಮಲ್ಲಿ ಹೊಸದಾಗಿ ಸೇರಿದ ದೀಪ್ತಿ ಓದಲಿ. ಹುಡುಗಿ ಉಸಿರು ಬಿಡದೆ ಓದುತ್ತಾಳೆ, ಅದೊಂದೇ ತಪ್ಪು. ನನಗೆ ಕಲಿಸಿದ ಹಾಗೆಯೇ ಬೈಯದೆ ಕಲಿಸಿ. ಸ್ಟುಡಿಯೋದಲ್ಲಿರುವ ನನ್ನ ನೀಲಿ ಸೀರೆ ಅವಳಿಗೇ ಇರಲಿ. ಮೊದಲ ಸುದ್ದಿ ಕದೀಜಮ್ಮನ ನಳ್ಳಿಯದ್ದಾಗಲಿ. ಸದಸ್ಯೆಯ ಹೆಸರು ಬಿಡಬೇಡಿ.

ಉತ್ತರ ಕೇಳಲು ದೀಪ್ತಿಯನ್ನೇ ನನ್ನ ಹತ್ತಿರ ಕಳಿಸಿ. ಮೈಕಿನ ಈಚೆ ನಿಂತು ಅಭ್ಯಾಸವಿಲ್ಲ, ಸ್ವಲ್ಪ ಹೆದರಿಕೆ ಉಂಟು.

ನಿಮ್ಮ ತಂಗಿಯಂಥ,
ಪುಷ್ಪಲತಾ