ಹಸಿರಿನಡಿ ಮುಚ್ಚಿಟ್ಟವಳು

ಸಿದ್ದಾಪುರ,
೧೨ ಜನವರಿ ೨೦೨೫

ಕರಿಕೆಯ ಮಗಳ ಮನೆಯಲ್ಲಿ ಅಡಗಿ ಕೂತ ನನ್ನ ಗೆಳತಿ ಹೊನ್ನಮ್ಮನಿಗೆ,

ನೀನು ಫೋನ್ ಎತ್ತುವುದಿಲ್ಲ. ಕಾಗದವನ್ನಾದರೂ ಒಡೆದು ಓದುತ್ತೀ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಮಗಳು, ಮೊಮ್ಮಕ್ಕಳು ಚೆನ್ನಾಗಿದ್ದಾರೆಯೇ? ಇಲ್ಲಿ ಕಾಫಿ ಪಿಕಿಂಗ್ ಶುರುವಾಗಿದೆ. ನಾನು ಮಾತ್ರ ಮನೆ ಗೇಟಿನ ಒಳಗೇ ಇದ್ದೇನೆ. ಹೋದ ವರ್ಷ ತೋಟಕ್ಕೆ ಆನೆ ನುಗ್ಗಿದ ದಿನದಿಂದ ಗೇಟಿನ ಹತ್ತಿರ ಹೋದರೆ ಸಾಕು, ಕಾಲು ಮುಂದೆ ಬರುವುದಿಲ್ಲ. ನೋಡು, ಹೆಸರು ಬರೆದೇಬಿಟ್ಟೆ! ಪಿಕಿಂಗ್ ಮುಗಿಯುವ ತನಕ ‘ದೊಡ್ಡದು’ ಎನ್ನಬೇಕು, ಹೆಸರೆತ್ತಿದರೆ ಬಂದೇ ಬರುತ್ತದೆ ಎಂದು ನಮ್ಮತ್ತೆ ಬೈಯುತ್ತಿದ್ದದ್ದು ನಿನಗೆ ಗೊತ್ತಲ್ಲ.

ಸೊಸೆ ಸಿಂಚನಾ ಬಿಡಲಿಲ್ಲ. ಕುಶಾಲನಗರದಿಂದ ಕಾವ್ಯಶ್ರೀ ಎಂಬ ಹುಡುಗಿಯನ್ನು ಕರೆಸಿದಳು. ಚಿತ್ರ ಬರೆಸಿ ಮನಸ್ಸು ಹಗುರ ಮಾಡುವುದು ಅವಳ ಕೆಲಸ. ಆರ್ಟ್ ಥೆರಪಿ ಅಂತೆ. ಈ ವಯಸ್ಸಿನಲ್ಲಿ ನನಗೆ ಡ್ರಾಯಿಂಗ್ ಕ್ಲಾಸು! ನಗು ಬಂತು. ಆದರೆ ಅವಳು ಚೀಲದಿಂದ ಟ್ಯಾಬ್ ತೆಗೆದಾಗ ನನ್ನ ಕುತೂಹಲ ತಡೆಯಲಾಗಲಿಲ್ಲ. ಬೆರಳಿಟ್ಟರೆ ಬಣ್ಣ ಬರುತ್ತದೆ, ಬೆರಳಿಗೆ ಮಾತ್ರ ಹತ್ತುವುದಿಲ್ಲ. ಒಂದು ಬಾಣದ ಗುರುತು ಒತ್ತಿದರೆ ಎಳೆದ ಗೀಟೇ ಮಾಯ. ಸಾರಿಗೆ ಉಪ್ಪು ಹೆಚ್ಚಾದಾಗ ಒತ್ತಲು ಇಂಥದ್ದೊಂದು ಕೊಡು ಎಂದೆ. ಅವಳು ಬಿದ್ದು ಬಿದ್ದು ನಕ್ಕಳು.

ಆ ದಿನದ ತೋಟ ಬಿಡಿಸಿ ಎಂದಳು. ನಾನು ಕಾಫಿ ಗಿಡ ಬರೆದೆ. ಗಿಡದ ಮೇಲೆ ಗಿಡ ಬರೆದು ಇಡೀ ಪರದೆ ಹಸಿರು ಮಾಡಿಬಿಟ್ಟೆ. ದೊಡ್ಡದೆಲ್ಲಿ ಎಂದು ಕೇಳಿದಳು. ಅದನ್ನು ಬರೆಯುವುದಿಲ್ಲ ಎಂದೆ. ಹೆಸರನ್ನೇ ಎತ್ತದವಳು ಚಿತ್ರ ಬರೆದು ಮನೆಗೆ ಕರೆಯುತ್ತೇನೆಯೇ? ಪಾಪ, ಬಯಲುಸೀಮೆ ಕಡೆಯ ಹುಡುಗಿ, ನನ್ನ ಹೆದರಿಕೆಯೆಲ್ಲ ದೊಡ್ಡದರದ್ದೇ ಎಂದುಕೊಂಡಳು. ವಾರವಾರವೂ ಬಂದು ದೊಡ್ಡದರ ವಿಡಿಯೋ ತೋರಿಸಿದಳು, ಅದರ ಮರಿ ಸ್ನಾನ ಮಾಡುವುದನ್ನು ತೋರಿಸಿದಳು. ನನಗೆ ಅದು ಮುದ್ದಾಗಿಯೇ ಕಂಡಿತು. ಕಾಲು ಮಾತ್ರ ಗೇಟು ದಾಟಲಿಲ್ಲ.

ಮೊನ್ನೆ ಅವಳು ಇನ್ನೊಂದು ಬಟನ್ ಒತ್ತಿದಳು. ಆ ಯಂತ್ರ ನಾನು ಎಳೆದ ಗೀಟುಗಳನ್ನೆಲ್ಲ ನೆನಪಿಟ್ಟುಕೊಂಡಿತ್ತು ಹೊನ್ನಮ್ಮ! ಮೊದಲಿನಿಂದ ಸಿನಿಮಾದ ಹಾಗೆ ಓಡಿಸಿತು. ಗಿಡಗಳಿಗಿಂತ ಮುಂಚೆ ಒಬ್ಬ ಹೆಂಗಸು ಬಂದಳು. ತಲೆಗೆ ಕೆಂಪು ಬಟ್ಟೆ, ಓಡುತ್ತಿದ್ದಾಳೆ. ಮುಖ ಈ ಕಡೆ ತಿರುಗಿಸಿ ಬರೆದದ್ದು, ಅಳಿಸಿದ್ದು, ಮತ್ತೆ ಬರೆದದ್ದು, ಮತ್ತೆ ಅಳಿಸಿದ್ದು, ಕೊನೆಗೆ ಬರೀ ಬೆನ್ನು. ಆಮೇಲೆ ಹಸಿರು ಬಂದು ಅವಳನ್ನು ಮುಚ್ಚಿತು.

‘ಅತ್ತೆ, ಇದ್ ಯಾರ್?’ ಎಂದಳು ಸಿಂಚನಾ. ನಾನೇ ಎಂದೆ. ಅವಳು ಚಹಾ ತರಲು ಹೋದಳು. ಕಾವ್ಯಶ್ರೀ ಮೆಲ್ಲಗೆ, ‘ಇವ್ರನ್ನ ಯಾಕಮ್ಮ ಮುಚ್ಚಿದ್ರಿ?’ ಎಂದು ಕೇಳಿದಳು. ನನಗೆ ಅಳು ಬಂತು.

ಒಂದೇ ಗಿಡಕ್ಕೆ ನೀನು ಆಚೆ, ನಾನು ಈಚೆ ನಿಂತು ಹಣ್ಣು ಕೊಯ್ಯುತ್ತಿದ್ದೆವು. ಅದು ಬಂದಾಗ ನೀನು ರಸ್ತೆಗೆ ಓಡಿದೆ. ನಾನು, ಹಣ್ಣು ಬೀಳಲೆಂದು ಗಿಡದಡಿ ಹಾಸಿದ ಗೋಣಿತಾಟಿಗೆ ಕಾಲು ಸಿಕ್ಕಿ ಬಿದ್ದೆ. ಅದು ನನ್ನ ಪಕ್ಕದಲ್ಲೇ ಹಾದು ಹೋಯಿತು. ಮನೆಯಲ್ಲಿ ಕೇಳಿದಾಗ ನಾನೊಬ್ಬಳೇ ಇದ್ದೆ ಎಂದೆ, ಈಗಲೂ ಅದನ್ನೇ ಹೇಳುತ್ತೇನೆ. ನೀನು ಓಡಿದ್ದು ತಪ್ಪಲ್ಲ ಮಾರಾಯ್ತಿ. ಬೀಳದಿದ್ದರೆ ನಾನೂ ಓಡುತ್ತಿದ್ದೆ. ಆದರೆ ಬದುಕಿದ್ದೀಯಾ ಎಂದು ಕೇಳಲೂ ಬಾರದೆ ಮಗಳ ಮನೆ ಸೇರಿದೆಯಲ್ಲ, ಅದರಿಂದ ನನಗೆ ತುಂಬಾ ನೋವಾಯಿತು. ಗೇಟಿನಾಚೆ ನೋಡಿದರೆ ಕಾಣುವುದು ದೊಡ್ಡದಲ್ಲ, ನಿನ್ನ ಬೆನ್ನು. ಇದು ನನಗೂ ಮೊನ್ನೆಯೇ ತಿಳಿದದ್ದು.

ಈಗ ಬಾ. ನಾಚಿಕೆಪಡಬೇಡ, ಯಾರಿಗೂ ಏನೂ ಗೊತ್ತಿಲ್ಲ. ಬೈಯುವುದಿದ್ದರೆ ಎದುರು ಕೂರಿಸಿಕೊಂಡು ನಾನೇ ಬೈಯುತ್ತೇನೆ.

ನಿನ್ನ,
ಯಮುನ

ತಾ.ಕ.: ಪೋಸ್ಟಿಗೆ ಹಾಕುತ್ತೇನೆ ಕೊಡಿ ಎಂದು ಸಿಂಚನಾ ಎರಡು ಸಲ ಕೇಳಿದಳು. ಕೊಡಲಿಲ್ಲ. ಇದು ನಿನ್ನ ಕೈ ಸೇರಿದ್ದರೆ, ರಸ್ತೆಯ ಅಂಚೆ ಡಬ್ಬಿಯವರೆಗೆ ನಾನೇ ನಡೆದು ಹೋದೆ ಎಂದು ತಿಳಿ.